ಬಾಗಿಲಲ್ಲಿದ್ದವರು

"ನೀಲಿ ಅಂಗಿ ಬೇಡ ಅತ್ತಿಗೆ," ಎಂದು ಮೈದುನ ಸಮವಸ್ತ್ರದ ಒಂದು ತೋಳು ಹಿಡಿದು ಎಳೆದ. ಇನ್ನೊಂದು ತೋಳು ಅವಳ ಕೈಯಲ್ಲಿತ್ತು. "ಹೊರಗೆ ನಿಂತಿರೋರನ್ನ ನೋಡಿದ್ರಾ? ಬ್ಯಾಂಕಿನ ಬಟ್ಟೆ ಕಂಡ್ರೆ ಹೆಣ ಅಂತಾನೂ ನೋಡಲ್ಲ ಅವರು."

ಮಂಚದ ಮೇಲಿದ್ದ ಗಂಡನಿಗೆ ಬೇರೆ ಅಂಗಿ ಎಂದರೆ ಮೈದುನನ ಮದುವೆಗೆ ಹೊಲಿಸಿದ್ದ ಬಿಳಿಯದೊಂದೇ. ಅದು ಹೊಟ್ಟೆಯ ಹತ್ತಿರ ಕೂಡುತ್ತಿರಲಿಲ್ಲ. ಗುಂಡಿ ಹಾಕಲು ಎರಡು ಸಲ ಹೆಣಗಾಡಿ, ಕೊನೆಗೆ ಅಲ್ಲಿ ಹೊದಿಕೆ ಎಳೆದು ಬಿಟ್ಟಳು.

ಮೂಲೆಯ ಬ್ಯಾಂಕಿನಲ್ಲಿ ಅವನು ಬಾಗಿಲು ಕಾಯುತ್ತಿದ್ದ. ಬೀದಿಯವರ ಬಾಯಲ್ಲಿ ಅವನ ಹೆಸರೇ 'ಬನ್ನಿ ಬನ್ನಿ'. ಗಾಜಿನ ಬಾಗಿಲು ಹಿಡಿದು ಎಲ್ಲರಿಗೂ ಹಾಗನ್ನುತ್ತಿದ್ದ, ಫ್ಯಾನಿನ ಗಾಳಿಗೆಂದು ಬಂದವರಿಗೂ. ಎರಡು ತಿಂಗಳ ಹಿಂದೆ ವಾರಕ್ಕೆ ಇಷ್ಟೇ ದುಡ್ಡು ತೆಗೆಯಬಹುದು ಎಂದು ಬ್ಯಾಂಕಿನವರು ಚೀಟಿ ಅಂಟಿಸಿದರು. ಆಮೇಲೆ ಅದೂ ನಿಂತು ಶಟರು ಕೆಳಗೆ ಬಂತು. ಸಾಹೇಬರೆಲ್ಲ ಹಿಂಬಾಗಿಲಿನಿಂದ ಓಡಾಡಿದರು. ಶಟರಿನ ಎದುರಿಗೆ ಉಳಿದವನು ಅವನೊಬ್ಬ. ಬನ್ನಿ ಎನ್ನುತ್ತಿದ್ದ ಬಾಯಿ 'ನಾಳೆ ಬನ್ನಿ' ಎನ್ನಲು ಕಲಿಯಿತು.

ಸಾವಿನ ಮನೆಗೆ ಬಂದವರಲ್ಲಿ ಒಬ್ಬರೂ ನೆಟ್ಟಗೆ ಕೂರಲಿಲ್ಲ. ಕುರ್ಚಿಯ ತುದಿಗೆ ಕೂತು, ಫೋನು ನೋಡಿ, ಎದ್ದು ಗೇಟಿನವರೆಗೆ ಹೋಗಿ ಮತ್ತೆ ಬಂದರು. ಇವತ್ತು ಬ್ಯಾಂಕು ತೆಗೆಯುತ್ತಾರಂತೆ, ಇರುವಷ್ಟು ದುಡ್ಡು ಮುಗಿಯುವತನಕ ಕೊಡುತ್ತಾರಂತೆ ಎಂಬ ಸುದ್ದಿ ಬೆಳಗ್ಗೆಯಿಂದ ಹರಿದಾಡುತ್ತಿತ್ತು. ಬೀದಿಯ ದರ್ಜಿ ಅವಳ ಕಿವಿಯ ಹತ್ತಿರ ಬಗ್ಗಿದಾಗ ಸಮಾಧಾನ ಹೇಳುತ್ತಾನೆಂದುಕೊಂಡಳು.

"ಯಜಮಾನ್ರು ಏನಾದ್ರೂ ಹೇಳಿದ್ರಾಮ್ಮ? ಇವತ್ತು ನಿಜವಾಗ್ಲೂ ತೆಗೀತಾರಾ?"

ಗೊತ್ತಿಲ್ಲ ಎಂದಳು. ಆಮೇಲೆ ಪಕ್ಕದ ಮನೆಯಾಕೆ ಅದನ್ನೇ ಸುತ್ತಿಬಳಸಿ ಕೇಳಿದಳು. ಬಿಕ್ಕಿಬಿಕ್ಕಿ ಅತ್ತ ದೂರದ ಸಂಬಂಧಿಯೊಬ್ಬರೂ ಮೂಗೊರೆಸಿಕೊಂಡು ಕೇಳಿದರು. ಕಿಟಕಿಯಾಚೆ ಯಾರೋ ತಗ್ಗಿದ ದನಿಯಲ್ಲಿ ಹೇಳುತ್ತಿದ್ದರು: "ಬಾಗಿಲಲ್ಲೇ ಇದ್ದ ಮನುಷ್ಯ. ತನ್ನದು ಮೊದಲೇ ಎತ್ತಿಟ್ಟಿರ್ತಾನೆ ಬಿಡು."

ಎದ್ದು ಹೋಗಿ ಅವರ ಮುಖ ನೋಡಬೇಕೆನಿಸಿತು. ಮಂಡಿ ಮೇಲೇಳಲಿಲ್ಲ.

*

ಶಟರು ಬೀಳುವ ಹಿಂದಿನ ಸಂಜೆ ಅವನು ಬೂಟು ಬಿಚ್ಚದೆ ಹಾಗೇ ಕೂತಿದ್ದ. ನಿನ್ನದೇನಿದ್ದರೂ ಇವತ್ತೇ ತೆಗೆದುಕೋ ಎಂದು ಕ್ಯಾಷಿಯರ್ ಗುಟ್ಟಾಗಿ ಹೇಳಿದ್ದನಂತೆ. ಅವನು ತೆಗೆದಿರಲಿಲ್ಲ. ಅಲ್ಲಿದ್ದದ್ದು ಅವಳ ಎರಡು ಮಂಡಿಗಳ ಆಪರೇಷನ್ನಿಗೆಂದು ಕೂಡಿಟ್ಟದ್ದು.

"ಯಾಕೆ ತರಲಿಲ್ಲ?"

"ಗಾಬರಿ ಆಗ್ಬೇಡಿ, ಏನೂ ಆಗಿಲ್ಲ ಅಂತ ಬೆಳಗ್ಗೆಯಿಂದ ನಾನೇ ಎಲ್ಲರಿಗೂ ಹೇಳಿದೀನಿ ಕಣೇ. ಅವರೆದುರಿಗೇ ಒಳಗೆ ಹೋಗಿ ನಂದು ತಗೊಂಡು ಬರ್ಲಾ?"

"ಸಾಹೇಬ್ರು ಹೇಳಿಕೊಟ್ಟಿದ್ದನ್ನ ನೀವು ಹೇಳಿದ್ರಿ. ಅದಕ್ಕೆ ನನ್ನ ಕಾಲು ಯಾಕೆ?"

ಅವನು ಬೂಟಿನ ದಾರ ಬಿಚ್ಚತೊಡಗಿದ. ಅದು ಅವನ ನಿಯತ್ತೋ ಪುಕ್ಕಲುತನವೋ ಅವಳಿಗೆ ಇವತ್ತಿಗೂ ಬಗೆಹರಿದಿಲ್ಲ. ಮ್ಯಾನೇಜರ ಹತ್ತಿರ ಅರ್ಧ ದಿನದ ರಜೆ ಕೇಳಲೂ ಬೆವರುವ ಗಂಡಸು. ಅಲ್ಲಿಂದ ಮುಂದೆ ಅವಳು ಬೇಕಾದಷ್ಟೇ ಮಾತಾಡಿದಳು. ಸಂಜೆ ಅವನು ಮಂಡಿಗೆ ಎಣ್ಣೆ ತಿಕ್ಕಲು ಬಂದರೆ ಬೇಡವೆನ್ನಲಿಲ್ಲ. ಮುಖ ಮಾತ್ರ ಗೋಡೆಯ ಕಡೆ ತಿರುಗಿಸಿದಳು. ಅಂಗಿಯ ಗುಂಡಿ ಕಿತ್ತುಹೋಗಿ ಮನೆಗೆ ಬಂದ ದಿನ, ತೋಳಿನ ಮೇಲೆ ಯಾರದೋ ಉಗುಳು ಒಣಗಿದ್ದ ದಿನ, ಏನಾಯಿತೆಂದು ಕೇಳದೆ ಹೊಲಿದಳು, ಒಗೆದಳು. ನಿನ್ನೆ ಬೆಳಗ್ಗೆ ಅವನು, "ಹೋಗಿ ಬರ್ಲಾ?" ಎಂದಿದ್ದ. ಕೇಳಿಸಿತ್ತು. ಕೇಳಿಸದವಳಂತೆ ಪಾತ್ರೆ ತಿಕ್ಕಿದ್ದಳು.

*

ಇಸ್ತ್ರಿಯಮ್ಮ ಒಳಗೆ ಬಂದಾಗ ಮೈದುನ ಎದ್ದು ನಿಂತ. ಶಟರಿನೆದುರು ಅಣ್ಣನ ಕೆನ್ನೆಗೆ ಹೊಡೆದವಳು ಅವಳೇ ಎಂದು ಬೀದಿಗೆಲ್ಲ ಗೊತ್ತಿತ್ತು. ಅವಳು ಯಾರನ್ನೂ ನೋಡದೆ ನೆಲದ ಮೇಲೆ ಕಾಲು ಮಡಚಿ ಕೂತಳು. ಬೆಳಗ್ಗೆಯಿಂದ ಬಂದವರಲ್ಲಿ ಪೂರ್ತಿಯಾಗಿ ಕೂತವಳು ಅವಳೊಬ್ಬಳೇ.

"ನಿನ್ನೆ ಪಕ್ಕದಲ್ಲೇ ಇದ್ದೆ," ಎಂದಳು. "ಬ್ಯಾಂಕಿನ ಮೆಟ್ಟಿಲ ಮೇಲೆ ಗೋಡೆಗೊರಗಿ ಕೂತಿದ್ರು. ಜವಾಬು ಕೊಡೋದು ತಪ್ಪಿಸ್ಕೊಳ್ಳೋಕೆ ನಿದ್ದೆ ನಟಿಸ್ತಿದಾರೆ ಅಂತ ಸಾಲಿನಲ್ಲಿ ಎಲ್ಲರೂ ಅಂದ್ರು. ನಾನೇ ಭುಜ ಹಿಡಿದು ಅಲ್ಲಾಡಿಸಿದೆ. ನಾಟಕ ಸಾಕು, ಏಳಯ್ಯಾ ಅಂದೆ. ಹಾಗೇ ಪಕ್ಕಕ್ಕೆ ವಾಲಿಬಿಟ್ರು."

ಅವಳು ಆ ಕೈಯನ್ನು ಸೆರಗಿನೊಳಗೆ ಸುತ್ತಿಕೊಂಡಳು.

"ಅವತ್ತು ಹೊಡೆದ ಮೇಲೂ ತಮ್ಮದೇ ಕುರ್ಚಿ ತಂದು ಹಾಕಿದ್ರು. ಕೂತ್ಕೊಳ್ಳಿ, ಕೈ ನೋಯ್ತಿರಬೇಕು ಅಂದ್ರು. ತಮಾಷೆ ಮಾಡಿದ್ರೋ ಏನೋ, ಗೊತ್ತಾಗ್ಲಿಲ್ಲ ನಂಗೆ."

"ತಮಾಷೇನೇ," ಎಂದಳು ಹೆಂಡತಿ. "ಅವರು ಹಾಗೇನೇ." ಆಮೇಲೆ ಕಿಟಕಿಯ ಕಡೆ ತಿರುಗಿ, ದನಿ ಎತ್ತಿ ಹೇಳಿದಳು: "ನಮ್ಮದೂ ಅಲ್ಲೇ ಇದೆ. ಒಂದು ಕಾಸೂ ತೆಗೀಲಿಲ್ಲ ಅವರು."

ಕಿಟಕಿಯಾಚೆಯ ಗುಸುಗುಸು ನಿಂತಿತು. ಅಷ್ಟರಲ್ಲಿ ಒಬ್ಬರ ಫೋನು ಹೊಡೆದುಕೊಂಡಿತು, ಇನ್ನೊಬ್ಬರದು, ಮತ್ತೊಬ್ಬರದು. ಶಟರು ಎತ್ತಿದ್ದಾರಂತೆ. ಮೊದಲು ಗೇಟಿನ ಹತ್ತಿರದವರು ಜಾರಿಕೊಂಡರು, ಹಿಂದೆಯೇ ಅಂಗಳದವರು. ದರ್ಜಿ ಮಾತ್ರ ಹೆಣಕ್ಕೆ ಒಂದು ಸಲ ಕೈಮುಗಿದು ಓಡಿದ. ಮೈದುನ ಚಪ್ಪಲಿಯಲ್ಲಿ ಕಾಲಿಟ್ಟು ತೆಗೆದು, ಮತ್ತೆ ಇಟ್ಟ.

"ಮಕ್ಕಳ ಫೀಸೆಲ್ಲ ಅಲ್ಲೇ ಇದೆ ಅತ್ತಿಗೆ," ಎಂದ. "ಈಗ ಬಂದೆ."

ಅವಳು ಗಂಡನ ಹೊಟ್ಟೆಯ ಮೇಲಿನ ಹೊದಿಕೆ ಸರಿಮಾಡಿದಳು. ಶವದ ವ್ಯಾನಿನ ಡ್ರೈವರ್, ಅವನ ಜೊತೆಗಾರ, ಪಕ್ಕದ ಮನೆಯ ಮುದುಕ ಮತ್ತು ಇಸ್ತ್ರಿಯಮ್ಮ ಸೇರಿ ಎತ್ತಿದರು. ನಿಮ್ಮ ಸರದಿ ಹೋಗಲ್ಲವಾ ಎಂದು ಹೆಂಡತಿ ಕೇಳಿದ್ದಕ್ಕೆ ಇಸ್ತ್ರಿಯಮ್ಮ, "ಹೋಗ್ಲಿ," ಎಂದು ವ್ಯಾನು ಹತ್ತಿದಳು. ಆದರೆ ಕೂತಲ್ಲೇ ಚೀಲದೊಳಗಿನ ಪಾಸ್‌ಬುಕ್ಕನ್ನು ಹಿಸುಕುತ್ತಲೇ ಇದ್ದಳು.

"ಬ್ಯಾಂಕಿನ ರಸ್ತೇಲಿ ಜನ ತುಂಬಿದಾರಮ್ಮ, ಸುತ್ತಿ ಹೋಗೋಣ್ವಾ?" ಎಂದ ಡ್ರೈವರ್.

"ಬೇಡ. ದಿನಾ ಅವರು ಹೋಗ್ತಿದ್ದ ದಾರೀಲೇ ಹೋಗಿ," ಎಂದಳು ಹೆಂಡತಿ.

ಸಾಲು ರಸ್ತೆಯ ನಡುವಿಗೆ ಬಂದಿತ್ತು. ವ್ಯಾನು ನಿಂತಿತು. ಯಾರ ವ್ಯಾನೆಂದು ಮುಂದಿದ್ದವರಿಗೆ ತಿಳಿದು ಹಿಂದಿನವರಿಗೆ ದಾಟಿಸಿದರು. ಸಾಲು ಬಿಟ್ಟು ಒಬ್ಬರೂ ಈಚೆ ಬರಲಿಲ್ಲ. ಇಡೀ ಸಾಲೇ ಅಡ್ಡಡ್ಡ ಸರಿದು ಗೋಡೆಗೆ ಅಂಟಿಕೊಂಡಿತು, ಒಬ್ಬರು ಇನ್ನೊಬ್ಬರ ಅಂಗಿಯ ಚುಂಗು, ಚೀಲದ ಪಟ್ಟಿ, ಸೊಂಟದ ಬೆಲ್ಟು ಹಿಡಿದುಕೊಂಡು. ತಲೆಗಳು ತಗ್ಗಿದವು. ಕೈಮುಗಿಯಲು ಯಾರಿಗೂ ಎರಡು ಕೈ ಬಿಡುವಿರಲಿಲ್ಲ. ಒಂದೊಂದು ಕೈ ಮಾತ್ರ ಎದೆಯವರೆಗೆ ಬಂತು.

ವ್ಯಾನು ನಿಧಾನವಾಗಿ ತೆವಳಿತು. ಸಾಲಿನ ಮಧ್ಯದಲ್ಲಿ ಮೈದುನನಿದ್ದ. ಎಡಗೈಯಲ್ಲಿ ಮುಂದಿನವನ ಅಂಗಿ ಬಿಗಿಹಿಡಿದು, ಬಲಗೈ ಚಾಚಿ ವ್ಯಾನಿನ ಗಾಜಿನ ಮೇಲೆ ಅಂಗೈಯಿಟ್ಟ. ಗಾಜು ಮುಂದೆ ಜಾರಿದಂತೆ ಅವನ ತೋಳು ಉದ್ದವಾಯಿತು, ಮೈ ವಾಲಿತು, ಅಂಗೈ ಹೋಗಿ ಬರೀ ಬೆರಳ ತುದಿಗಳು ಉಳಿದವು. ಆಮೇಲೆ ಅವೂ ಬಿಟ್ಟವು. ಅಂಗಿ ಹಿಡಿದ ಕೈ ಹಾಗೇ ಇತ್ತು.