ಫೋಟೋ ಬೂಟು

"ಬಿಚ್ಚೇ ಬೂಟು, ಬೋಳಿಮುಂಡೆ. ಫೋಟೋ ಆಯ್ತಲ್ಲ, ಇನ್ನೇನು ಹಾಕ್ಕಂಡು ಮದುವೆಗೆ ಹೋಗ್ತೀಯಾ?"

ಮೇಸ್ತ್ರಿ ನಾಗರಾಜು ಗೋಣಿಚೀಲ ಹಿಡಿದು ನಿಂತಿದ್ದ. ಬಸವೇಶ್ವರನಗರದ ಆ ಪಾರ್ಕಿನಲ್ಲಿ ಬೆಳಿಗ್ಗೆಯೇ ಶಾಮಿಯಾನ ಎದ್ದಿತ್ತು. ಒಳಗೆ ಬಡಾವಣೆಯವರಿಗೆ ಮೂಳೆ ಸವೆತದ ತಪಾಸಣೆ. ಹೊರಗೆ, ಮೋರಿಯ ಪಕ್ಕ, ಪೌರಕಾರ್ಮಿಕರಿಗೆ ಜಂತುಹುಳದ ಗುಳಿಗೆ. ಆರು ತಿಂಗಳಿಗೊಮ್ಮೆ ಇದೇ ಆಟ. ಗಂಬೂಟು ತೊಡಿಸುತ್ತಾರೆ, ಗುಳಿಗೆ ನುಂಗುವುದನ್ನು ಫೋಟೋ ಹಿಡಿಯುತ್ತಾರೆ, ಆಮೇಲೆ ಬಾಡಿಗೆ ಒಡವೆಯಂತೆ ಬೂಟು ಬಿಚ್ಚಿಸಿಕೊಳ್ಳುತ್ತಾರೆ. ಹೆಂಗಸರು ಬರಿಗಾಲಲ್ಲಿ ಮತ್ತೆ ಮೋರಿಗೆ ಇಳಿಯುತ್ತಾರೆ. ಹೊಟ್ಟೆಯೊಳಗಿನ ಹುಳಕ್ಕೆ ಗುಳಿಗೆ, ಹೊರಗಿನ ಹುಳಕ್ಕೆ ಮೇಸ್ತ್ರಿ ಪದವಿ.

ಅಂಜನಮ್ಮ ಬಿಚ್ಚಲಿಲ್ಲ.

ಹೋದ ತಿಂಗಳು ಅವಳ ಜೊತೆಯಲ್ಲಿ ಹೂಳೆತ್ತುತ್ತಿದ್ದ ಶಿವಕ್ಕ ತಲೆಸುತ್ತಿ ಬಿದ್ದು ಸೊಂಟ ಮುರಿದುಕೊಂಡಿದ್ದಳು. ಆಸ್ಪತ್ರೆಯ ಡಾಕ್ಟರಮ್ಮ, "ಕೊಕ್ಕೆಹುಳ ಅಂಗಾಲಿಂದ ಒಳಗೆ ಹೋಗಿ ರಕ್ತ ಹೀರಿದೆ. ಮೂಳೆನೂ ಸವೆದಿದೆ. ಬರಿಗಾಲಲ್ಲಿ ಇಳೀಬೇಡಿ ಕಣಮ್ಮ" ಎಂದಿದ್ದರು. ಶಿವಕ್ಕ ಈಗ ಬಾಪೂಜಿನಗರದ ಶೀಟಿನ ಮನೆಯಲ್ಲಿ ಮಲಗಿದಲ್ಲೇ ಉಚ್ಚೆ ಹೊಯ್ಯುತ್ತಾಳೆ. ಅವಳ ಬೆನ್ನಿನ ಹುಣ್ಣು ತೊಳೆದ ದಿನವೇ ಅಂಜನಮ್ಮ ತೀರ್ಮಾನಿಸಿದ್ದಳು.

"ಬಿಚ್ಚಾಕಿಲ್ಲ ಕಣಣ್ಣ. ಬರಿಗಾಲಲ್ಲಿ ಇಳಿಯಾಕಿಲ್ಲ."

"ನಿಮ್ಮಪ್ಪಂದೇನೇ ಬೂಟು? ಮುಂದಿನ ವಾರ್ಡಲ್ಲಿ ಫೋಟೋಗೆ ಕಾಯ್ತಾ ಅವ್ರೆ."

ಹೇಳಿ ಮುಗಿಯುವ ಮುಂಚೆ ಅವನ ಕಾಲು ಅವಳ ಹೊಟ್ಟೆಗೆ ಬಿತ್ತು. ಅವಳು ಹಿಂದಕ್ಕೆ ಉರುಳಿ ಮೋರಿಯ ಚಪ್ಪಡಿಗೆ ಕೈ ಊರಿದಳು. ಒಣ ಪುಳ್ಳೆ ಮುರಿದಂತೆ ಮಣಿಕಟ್ಟು ಲಟಕ್ಕೆಂದಿತು. ಒಳಗೆ ಬಡಾವಣೆ ಸಂಘದ ಅಧ್ಯಕ್ಷ ಸುಧೀಂದ್ರ ಮೈಕಿನಲ್ಲಿ, ಹಾಲು ಕುಡಿಯಿರಿ, ದಿನಕ್ಕೆ ಹದಿನೈದು ನಿಮಿಷ ಬಿಸಿಲಲ್ಲಿ ನಿಲ್ಲಿ ಎನ್ನುತ್ತಿದ್ದ. ಬಿಸಿಲೇನು, ಇವಳಿಗೆ ಮೂವತ್ತು ವರ್ಷದಿಂದ ಪುಕ್ಕಟೆ ಸಿಗುತ್ತಿತ್ತು.

ನಾಗರಾಜು ಎಡಗಾಲಿನ ಬೂಟನ್ನು ಎಳೆದು ಕಿತ್ತು, ಅದರಿಂದಲೇ ಅವಳ ಕೆನ್ನೆಗೆ ಬಾರಿಸಿದ.

"ಸೂಳೆಮುಂಡೆ, ಇನ್ನೊಂದು ಬಿಚ್ಚು."

ಎರಡನೇ ಏಟಿಗೆ ಅವಳು ಬೂಟನ್ನು ಒಳ್ಳೆಯ ಕೈಯಲ್ಲಿ ಹಿಡಿದಳು. ಕಿತ್ತುಕೊಂಡಳು. ಬೂಟಿನ ಹಿಮ್ಮಡಿಯಿಂದ ಅವನ ಮೂಗಿಗೆ ಕೊಟ್ಟಳು, ಮತ್ತೆ ಕೊಟ್ಟಳು, ತುಟಿ ಸೀಳಿ ಅವನು ಕುಕ್ಕರಿಸುವವರೆಗೂ ಕೊಟ್ಟಳು. ಅವಳಿಗೆ ಹೆದರಿಕೆ ಆಗಲಿಲ್ಲ. ಇಷ್ಟು ವರ್ಷ ಯಾಕೆ ಹೊಡೆಯಲಿಲ್ಲ ಎಂದು ಸಿಟ್ಟು ಬಂತು.

ಆಮೇಲೆ ಒಂದು ಬೂಟಿನ ಕಾಲಲ್ಲಿ ಕುಂಟುತ್ತ ಶಾಮಿಯಾನದೊಳಕ್ಕೆ ನಡೆದಳು. ಹಿಮ್ಮಡಿಯಿಟ್ಟು ಮೂಳೆಯ ಗಟ್ಟಿತನ ಅಳೆಯುವ ಮಿಷಿನ್ನಿನ ಮುಂದೆ ಕುರ್ಚಿ ಖಾಲಿಯಿತ್ತು. ಕೂತಳು.

"ಇದು ಮೆಂಬರ್ಸ್‌ಗೆ ಮಾತ್ರ ಕಣಮ್ಮ," ಸುಧೀಂದ್ರ ಮೂಗು ಮುಚ್ಚಿಕೊಂಡ. "ಆ ಕಾಲು ಅದರಲ್ಲಿಡಬೇಡ, ಇನ್ಫೆಕ್ಷನ್ ಆಗುತ್ತೆ."

"ಆಗೈತೆ ಸಾರ್." ಬಿರುಕಿನಲ್ಲಿ ಕೆಸರು ಕಪ್ಪುಗಟ್ಟಿದ್ದ ಹಿಮ್ಮಡಿಯನ್ನು ಮಿಷಿನ್ನಿನೊಳಗೆ ಒತ್ತಿದಳು. ಮುರಿದ ಕೈ ತೊಡೆಯ ಮೇಲೆ ಊದುತ್ತಿತ್ತು. "ನಿಮ್ಮ ಮೋರಿದೇ. ನಂಗೆ ಎಷ್ಟು ಮೂಳೆ ಉಳಿಸೀರಿ ನೋಡಿ ಹೇಳಿ."

ಸುಧೀಂದ್ರ ಪೊಲೀಸರಿಗೆ ಫೋನ್ ಹಚ್ಚಿದ. ಹೊರಗೆ ಜೊತೆ ಕೆಲಸದ ನರಸಮ್ಮ ನಾಗರಾಜುವಿನ ಗೋಣಿಚೀಲ ಕಸಿದು ಮೋರಿಗೆ ಎಸೆದಳು. ಉಳಿದ ಹೆಂಗಸರು ಬೂಟು ಬಿಚ್ಚದೆ, ಪೊರಕೆ ಹಿಡಿದು, ಶಾಮಿಯಾನದ ಬಾಗಿಲಿಗೆ ಬಂದು ನಿಂತರು.