ಪಕ್ಕದವರ ಕಷ್ಟ

ಹನೂರಿನ ರಾಗಿ ಹುರಿಹಿಟ್ಟಿನ ಘಟಕದಲ್ಲಿ ಮಾಲಿನಿ ಬಹಳ ವರ್ಷದಿಂದ ಸೂಪರ್‌ವೈಸರ್. ರೈತರೇ ಸೇರಿ ಕಟ್ಟಿದ ಕಂಪನಿ ಅದು. ಅಧ್ಯಕ್ಷ ಶಿವಮಲ್ಲಪ್ಪನವರು ದೂರದ ಸಂಬಂಧದಲ್ಲಿ ಅವಳಿಗೆ ದೊಡ್ಡಪ್ಪನಾಗಬೇಕು. ‘ಅಜೈಲ್’ ಅನ್ನುವ ಹೊಸ ಕೆಲಸದ ಪದ್ಧತಿ ಕಲಿಯಲು ಅವಳನ್ನೇ ಮೈಸೂರಿಗೆ ಕಳಿಸಿದ್ದರು. ಬಂದವಳೇ ಗೋಡೆಗೆ ಬೋರ್ಡ್ ಹಾಕಿ ಬಣ್ಣದ ಚೀಟಿ ಅಂಟಿಸಿದಳು. ಒಂದೊಂದು ಕೆಲಸಕ್ಕೆ ಒಂದೊಂದು ಚೀಟಿ, ಕೆಲಸ ಮುಗಿದಂತೆ ಅದು ‘ಆಯಿತು’ ಅನ್ನುವ ಕಡೆಗೆ ಸರಿಯಬೇಕು. ದಿನಾ ಬೆಳಗ್ಗೆ ಎಲ್ಲರನ್ನೂ ಸುತ್ತ ನಿಲ್ಲಿಸಿಕೊಂಡು ನಿನ್ನೆ ಏನು ಮಾಡಿದಿರಿ, ಇವತ್ತು ಏನು ಮಾಡ್ತೀರಿ, ಏನು ತೊಂದರೆ ಅಂತ ಕೇಳತೊಡಗಿದಳು.

ತೊಂದರೆ ಅಂದ ಕೂಡಲೇ ಎಲ್ಲರೂ ನೆಲ ನೋಡುತ್ತಿದ್ದರು. “ಏನೂ ಇಲ್ಲ ಕಣಕ್ಕ, ಎಲ್ಲಾ ಚೆನ್ನಾಗೇ ಅದೆ” ಅನ್ನುತ್ತಿದ್ದಳು ರಾಗಿ ಹುರಿಯುವ ಪುಟ್ಟಗೌರಮ್ಮ. ದೊಡ್ಡವರ ಮುಂದೆ ನಿಂತು ಕಷ್ಟ ಹೇಳಿಕೊಂಡರೆ ದೂರು ಕೊಟ್ಟ ಹಾಗೆ ಅಂತ ಅವಳ ಲೆಕ್ಕ. ಚೀಟಿಗಳು ಅಂಟಿಸಿದಲ್ಲೇ ಧೂಳು ಹಿಡಿದವು.

ಆಮೇಲೆ ಕಂಪನಿಯ ಯಳಂದೂರಿನ ಘಟಕದಿಂದ ಯಶೋದ ಇನ್ನೊಬ್ಬ ಸೂಪರ್‌ವೈಸರ್ ಆಗಿ ಬಂದಳು. ಮಾಲಿನಿಗಿಂತ ಚಿಕ್ಕವಳು. ಟೀ ಹೊತ್ತಿಗೆ ಎಲ್ಲರನ್ನೂ ಮೂಟೆಗಳ ಮೇಲೆ ಕೂರಿಸಿ, “ನಿಮ್ಮ ಕಷ್ಟ ಬ್ಯಾಡ. ಪಕ್ಕದಲ್ಲಿ ಕೂತವ್ರ ಕಷ್ಟ ಏಳಿ” ಅಂದಳು.

ಎಲ್ಲರೂ ಪಕ್ಕದವರ ಮುಖ ನೋಡಿಕೊಂಡರು. ಆಮೇಲೆ ಮಿಷನ್ ನೋಡಿಕೊಳ್ಳುವ ರಂಗರಾಜು, “ಗೌರಮ್ಮಕ್ಕನ ಒಲೆ ಮೇಲಿನ ಹೊಗೆ ಕೊಳವೆ ಕಟ್ಟಿಕಂಡದೆ. ಪಾಪ, ಕಣ್ಣೆಲ್ಲ ಕೆಂಪಾಯ್ತದೆ” ಅಂದ. ಪುಟ್ಟಗೌರಮ್ಮನೂ ಬಿಡಲಿಲ್ಲ. “ಇವ್ನ ಮಿಷನ್ ಬೆಲ್ಟು ಸವೆದೋಗದೆ. ನಾಚ್ಕಂಡು ಕೇಳಾಕಿಲ್ಲ ಇವ್ನು.” ನಗು ಎದ್ದಿತು. ಆ ವಾರವೇ ಚೀಟಿಗಳು ಬೋರ್ಡಿನ ಮೇಲೆ ಜಾಗ ಬದಲಿಸತೊಡಗಿದವು.

ಆಫೀಸಿನ ಬಾಗಿಲ ಹಿಂದೆ ಕೂತ ಮಾಲಿನಿಗೆ ಆ ನಗು ಮೈಮೇಲೆ ಬಿಸಿನೀರು ಚೆಲ್ಲಿದಂತಾಗುತ್ತಿತ್ತು. ತರಬೇತಿಗೆ ಹೋದವಳು ತಾನು, ಬೋರ್ಡು ತಂದವಳು ತಾನು. ಈಗ ಎಲ್ಲರ ಬಾಯಲ್ಲೂ ‘ಯಶೋದಕ್ಕನ ಮೀಟಿಂಗು’. ಒಂದು ದಿನ ಪುಟ್ಟಗೌರಮ್ಮ ಮನೆಯಿಂದ ತಂದ ಅವರೆಕಾಳಿನ ಸಾರನ್ನು ಮೊದಲು ಯಶೋದಳ ತಟ್ಟೆಗೆ ಬಡಿಸಿದಳು. ಅವತ್ತು ಮಾಲಿನಿ ಅರ್ಧಕ್ಕೇ ಊಟ ಬಿಟ್ಟು ಎದ್ದಳು.

ಸಂಜೆ ನೆಟ್ಟಗೆ ಶಿವಮಲ್ಲಪ್ಪನವರ ಮನೆಗೆ ಹೋದಳು. “ದೊಡ್ಡಪ್ಪ, ಒಂದಿನ ನೀವೂ ಬಂದು ಮೀಟಿಂಗ್‌ನಲ್ಲಿ ಕೂತ್ಕಳಿ. ಚೆಂದಾಗಿ ನಡೀತದೆ” ಅಂದಳು. ಅವರೆದುರು ಯಾರೂ ಕೂರುವುದೂ ಇಲ್ಲ, ಬಾಯಿ ಬಿಡುವುದೂ ಇಲ್ಲ ಅಂತ ಅವಳಿಗೆ ಗೊತ್ತಿತ್ತು.

ಹಾಗೇ ಆಯಿತು. ಮರುದಿನ ಬಿಳಿ ಪಂಚೆಯುಟ್ಟು ಅವರು ಬಂದದ್ದೇ ತಡ, ಎಲ್ಲರೂ ಮೂಟೆ ಬಿಟ್ಟು ಎದ್ದು ನಿಂತರು. ಕುರ್ಚಿ ಬಂತು. ಮಾಲಿನಿ ಅದರ ಪಕ್ಕದಲ್ಲೇ ನಿಂತಳು. ಯಶೋದ ಎರಡು ಸಲ ಕೇಳಿದರೂ ಒಬ್ಬರೂ ಉಸಿರೆತ್ತಲಿಲ್ಲ. ಯಶೋದಳ ಮುಖ ಬಾಡಿದ್ದು ಕಂಡು ಮಾಲಿನಿಯ ಹೊಟ್ಟೆ ತಣ್ಣಗಾಯಿತು.

ಆಗ ಯಶೋದ ಅವಳ ಕಡೆ ತಿರುಗಿ, “ಮಾಲಿನಕ್ಕ, ಅಯ್ಯನೋರ ಪಕ್ಕದಲ್ಲಿ ನೀವೇ ಇದೀರಿ. ಅವ್ರ ಕಷ್ಟ ನೀವೇ ಏಳಿ” ಅಂದಳು.

ಮಾಲಿನಿ ತಡವರಿಸಿದಳು. ಸುಳ್ಳು ಹೊಳೆಯಲಿಲ್ಲ. “ಇವ್ರಿಗೆ ಯಾರೂ ನಿಜ ಹೇಳಲ್ಲ. ಅಂಗಡಿಯಿಂದ ಹಿಟ್ಟು ವಾಪಸ್ ಬಂದ ಮೇಲೇ ಗೊತ್ತಾಗೋದು.”

ಶಿವಮಲ್ಲಪ್ಪನವರು ಜೋರಾಗಿ ನಕ್ಕರು. “ದಿಟ ಕಣವ್ವ! ಈಗ ನನ್ನ ಸರದಿಯಾ? ಇವಳ ಕಷ್ಟ ನಾನು ಏಳ್ತೀನಿ. ಈ ಯಶೋದ ಬಂದಾಗಿಂದ ಇವಳಿಗೆ ಒಟ್ಟೆಕಿಚ್ಚು. ನೆನ್ನೆ ಮನೆಗೆ ಬಂದಾಗಲೇ ಮುಖ ನೋಡಿ ಗೊತ್ತಾಯ್ತು ನಂಗೆ.”

ತಮಾಷೆಗೆ ಅಂದದ್ದು. ಎಲ್ಲರೂ ನಕ್ಕರು. ಪುಟ್ಟಗೌರಮ್ಮ ಮಾತ್ರ ನಗಲಿಲ್ಲ. ಮಾಲಿನಿ ಹೊರಗೆ ಹೋಗಿ ನಲ್ಲಿ ತಿರುಗಿಸಿ ಮುಖಕ್ಕೆ ನೀರು ಹಾಕಿಕೊಂಡಳು. ಒಳಗೆ ರಂಗರಾಜು ಅಧ್ಯಕ್ಷರಿಗೇ ಇನ್ನೂ ಬಾರದ ಹೊಸ ಬೆಲ್ಟಿನ ವಿಷಯ ವಿವರಿಸುತ್ತಿದ್ದದ್ದು ಕೇಳುತ್ತಿತ್ತು.

ಯಶೋದ ಹಿಂದೆಯೇ ಬಂದಳು. “ಅಕ್ಕ, ನಾ ಬೇಕಂತ ಮಾಡ್ಲಿಲ್ಲ.”

“ಗೊತ್ತು. ನೀನು ಬೇಕಂತ ಏನೂ ಮಾಡಲ್ಲ. ಅದಕ್ಕೇ ಇನ್ನೂ ಉರೀತದೆ” ಅಂದಳು ಮಾಲಿನಿ.

ಒರೆಸಿಕೊಳ್ಳಲಿ ಅಂತ ಯಶೋದ ತನ್ನ ಸೆರಗನ್ನೇ ಮುಂದೆ ಮಾಡಿದಳು. ಮಾಲಿನಿ ಅದನ್ನು ಮುಟ್ಟದೆ ತನ್ನ ಸೆರಗಿನಿಂದಲೇ ಮುಖ ಒರೆಸಿಕೊಂಡು ಒಳಗೆ ಹೋದಳು. ಎಲ್ಲರೂ ಮತ್ತೆ ಮೂಟೆಗಳ ಮೇಲೆ ಕೂತಿದ್ದರು; ಪುಟ್ಟಗೌರಮ್ಮ ಸರಿದು ಜಾಗ ಕೊಟ್ಟಳು. ಅವತ್ತು ಮೊದಲ ಸಲ ಮಾಲಿನಿ ಅವರೆಲ್ಲರ ಸಾಲಿನಲ್ಲಿ ಕೂತಳು.