ಬಸ್ಸು ಹತ್ತಿದವನ ಹೆಂಡತಿ

"ನೀನು ಕಟ್ಟಬೇಡ, ಗ್ಲೆನಿಸ್. ಬೆರಿಲ್ ಕಟ್ಟಿಕೊಡ್ಲಿ," ಎಂದ ಮರ್ವ್.

ಇಕ್ಕಳದಲ್ಲಿ ಹಿಡಿದೆತ್ತಿದ್ದ ಬಿಸಿ ಮಾಂಸದ ಪೈಯನ್ನು ಹಾಗೇ ಹಿಡಿದುಕೊಂಡು ಗ್ಲೆನಿಸ್ ನಕ್ಕಳು. ಮರ್ವ್ ತಮಾಷೆಯ ಮನುಷ್ಯ. ಮಾಂಸದ ಕಾರ್ಖಾನೆಯಲ್ಲಿ ಮುಷ್ಕರ ಶುರುವಾದಂದಿನಿಂದ ಗೇಟಿನ ಮುಂದೆ ಕೂತ ಗಂಡಸರಿಗೆ ಮಧ್ಯಾಹ್ನದ ಪೈ ಈ ಅಂಗಡಿಯಿಂದಲೇ ಹೋಗುತ್ತಿತ್ತು. ಸಂಘದ ಮುಂದಾಳಾದ ಮರ್ವ್ ಇಬ್ಬರನ್ನು ಜೊತೆಗೆ ಕರೆದುಕೊಂಡು ತಾನೇ ಬಂದು, ಬಿಸಿ ತಟ್ಟೆಗಳನ್ನು ಹಳೆಯ ಕಂಬಳಿಯಲ್ಲಿ ಸುತ್ತಿ ಒಯ್ಯುತ್ತಿದ್ದ. ಅವಳು ಸಾಸ್ ಸುರಿಯುವ ಧಾರಾಳದ ಬಗ್ಗೆ ಏನಾದರೂ ಒಂದು ಕೊಂಕು ನುಡಿಯದೆ ಹೋದವನಲ್ಲ.

"ಯಾಕಪ್ಪಾ, ನನ್ನ ಕೈಗೆ ಹುಳ ಬಿದ್ದಿದ್ಯಾ?"

ಯಾರೂ ನಗಲಿಲ್ಲ. ಮರ್ವ್‌ನ ಹಿಂದೆ ನಿಂತಿದ್ದ ಇಬ್ಬರಲ್ಲಿ ಒಬ್ಬ ಫ್ರಿಜ್ಜಿನ ಕಡೆ ತಿರುಗಿ, ಅದರೊಳಗಿನ ಬಾಟಲಿಗಳನ್ನು ಜನ್ಮದಲ್ಲಿ ಕಂಡಿಲ್ಲದವನಂತೆ ನೋಡತೊಡಗಿದ. ಇನ್ನೊಬ್ಬ ಮುದುಕ ಡೂಲಿ. ಗ್ಲೆನಿಸಳ ಅಪ್ಪನ ಪಕ್ಕದಲ್ಲೇ ನಿಂತು ಜೀವಮಾನವೆಲ್ಲ ದನದ ಮೂಳೆ ಬಿಡಿಸಿದವನು. ಅಪ್ಪ ಸತ್ತಾಗ ಶವಪೆಟ್ಟಿಗೆಗೆ ಹೆಗಲು ಕೊಟ್ಟವನು. ಅವನು ಟೋಪಿ ತೆಗೆದು, ಅದರ ಅಂಚನ್ನು ಬೆರಳಲ್ಲಿ ತಿರುಗಿಸುತ್ತ ನೆಲ ನೋಡುತ್ತಿದ್ದ.

ಅಂಗಡಿಯ ಒಡತಿ ಬೆರಿಲ್ ಒಲೆಯ ಕೋಣೆಯಿಂದ ಕೈಯ ಹಿಟ್ಟು ಒರೆಸಿಕೊಳ್ಳುತ್ತ ಬಂದಳು. "ಏನಂತೆ?"

"ಇವಳಿಗೆ ಗೊತ್ತಿಲ್ವಾ?" ಎಂದು ಮರ್ವ್ ಬೆರಿಲಳನ್ನು ಕೇಳಿದ.

"ಏನು ಗೊತ್ತಿಲ್ಲ?" ಎಂದಳು ಗ್ಲೆನಿಸ್.

ಕೊನೆಗೆ ಡೂಲಿಯೇ ಹೇಳಬೇಕಾಯಿತು. "ಕ್ಲಿಫ್ ಬೆಳಿಗ್ಗೆ ಬಸ್ಸು ಹತ್ತಿದ, ಮಗಳೇ."

ಗಂಡನ ಹೆಸರು ಕೇಳಿದ್ದೇ ಪೈ ಇಕ್ಕಳದಿಂದ ಜಾರಿ ಕೌಂಟರಿನ ಮೇಲೆ ಬಿತ್ತು. ಮೇಲಿನ ಹೊದಿಕೆ ಒಡೆದು ಒಳಗಿನ ಬಿಸಿ ಗ್ರೇವಿ ಗಾಜಿನ ಮೇಲೆ ನಿಧಾನವಾಗಿ ಹರಡಿತು.

ಬಸ್ಸು ಎಂದರೆ ಆ ಊರಿನಲ್ಲಿ ಈಗ ಒಂದೇ ಬಸ್ಸು. ಕಿಟಕಿಗಳಿಗೆಲ್ಲ ತಂತಿಜಾಲರಿ ಬಡಿದ ಆ ಬಸ್ಸಿನಲ್ಲಿ ಕಂಪನಿಯವರು ದೂರದ ಊರುಗಳಿಂದ ಬದಲಿ ಆಳುಗಳನ್ನು ತಂದು, ಗೇಟಿನ ಕೂಗಾಟದ ನಡುವೆ ನುಗ್ಗಿಸಿ ಒಳಗೆ ಬಿಡುತ್ತಿದ್ದರು. ಇದುವರೆಗೆ ಊರಿನವನೊಬ್ಬನೂ ಅದರಲ್ಲಿ ಕೂತಿರಲಿಲ್ಲ.

"ಅವನು ಹೊಳೆಗೆ ಹೋಗಿದಾನೆ, ಡೂಲಿ ಮಾಮ. ಮೀನು ಹಿಡಿಯೋಕೆ. ನಾನೇ ಫ್ಲಾಸ್ಕಿಗೆ ಟೀ ತುಂಬಿಸಿ ಕೊಟ್ಟೆ."

"ಟೋಪಿ ಮೂಗಿನ ತನಕ ಎಳ್ಕೊಂಡು ಕೂತಿದ್ದ," ಎಂದ ಮರ್ವ್. "ಆದ್ರೆ ಆ ಕಿವಿ ಎಲ್ಲಿ ಬಚ್ಚಿಡ್ತಾನೆ?"

ರಗ್ಬಿ ಆಡಿ ಆಡಿ ಮುದುಡಿಹೋಗಿದ್ದ ಕ್ಲಿಫ್‌ನ ಎಡಗಿವಿ ಊರಿಗೆಲ್ಲ ಗೊತ್ತು. ಬಾಟಲಿ ನೋಡುತ್ತಿದ್ದವನ ಗಂಟಲಿಂದ ನಗೆಯಂಥದೇನೋ ಹೊರಟು ಅಲ್ಲೇ ಅಡಗಿತು.

ಗ್ಲೆನಿಸ್‌ಗೆ ಬಟ್ಟೆ ಒಗೆಯುವ ಕೋಣೆಯ ಮೊಳೆ ನೆನಪಾಯಿತು. ಕ್ಲಿಫ್‌ನ ಕೆಲಸದ ಚೂರಿಗಳ ಚೀಲ ಇಷ್ಟು ದಿನ ಅಲ್ಲಿ ತೂಗಾಡುತ್ತಿತ್ತು. ಬೆಳಿಗ್ಗೆ ಮೊಳೆ ಬರಿದಾಗಿತ್ತು. ಮೀನು ಸೀಳಲು ಒಯ್ದಿರಬೇಕು ಎಂದುಕೊಂಡಿದ್ದಳು. ಹೊಳೆಮೀನು ಸೀಳಲು ಯಾರಾದರೂ ದನದ ತೊಡೆ ಬಿಡಿಸುವ ಚೂರಿಗಳನ್ನೆಲ್ಲ ಹೊತ್ತುಕೊಂಡು ಹೋಗುತ್ತಾರೆಯೇ? ಈ ಪ್ರಶ್ನೆ ಆಗ ಹೊಳೆದಿರಲಿಲ್ಲ. ಹೊಳೆಯಲು ತಾನೇ ಬಿಟ್ಟಿರಲಿಲ್ಲವೋ ಏನೋ.

ಬೆರಿಲ್ ಒಡೆದ ಪೈಯನ್ನು ಬಟ್ಟೆಯಿಂದ ಬಳಿದು ತೆಗೆದಳು. "ಒಳಗೆ ಹೋದವನು ಅವನು, ಮರ್ವ್. ಇವಳಲ್ಲ."

"ಒಂದೇ ಮನೆ, ಒಂದೇ ಒಲೆ."

"ಆ ಕಾರ್ಖಾನೆ ಮಾಂಸ ಮುಟ್ಟಲ್ಲ ಅಂತ ಪಕ್ಕದೂರಿಂದ ಮಾಂಸ ತರಿಸಿ ನಿಮಗೆ ಬೇಯಿಸಿ ಹಾಕ್ತಿದೀನಿ. ನನಗೆ ಪಾಠ ಹೇಳೋಕೆ ಬರಬೇಡ."

"ನಿನಗಲ್ಲ ಹೇಳ್ತಿರೋದು. ಅಂಗಡಿ ನಿನ್ನದು, ಯಾರನ್ನ ಬೇಕಾದ್ರೂ ಇಟ್ಕೋ. ಆದ್ರೆ ಇವಳ ಕೈಯಿಂದ ಪೈ ತಗೊಂಡು ಹೋಗಿ ಅಲ್ಲಿ ನಾನು ಯಾರ ಮುಂದೆ ಇಡ್ಲಿ? ಒಬ್ಬನೂ ಮುಟ್ಟಲ್ಲ."

ಖಾಲಿ ಕಂಬಳಿಯನ್ನು ಕಂಕುಳಲ್ಲಿ ಇಟ್ಟುಕೊಂಡು ಅವನು ಹೊರಟ. ಉಳಿದಿಬ್ಬರೂ ಹಿಂಬಾಲಿಸಿದರು. ಡೂಲಿ ಬಾಗಿಲ ಬಳಿ ಟೋಪಿ ಹಾಕಿಕೊಂಡು ಬಿಸಿಲಿಗೆ ಇಳಿದ.

ಅಪ್ಪನ ಕಾಲದಲ್ಲೂ ಆ ಊರು ಒಂದು ದೊಡ್ಡ ಮುಷ್ಕರ ಕಂಡಿತ್ತು. ಆಗ ಗೇಟು ದಾಟಿ ಒಳಗೆ ಹೋದ ಒಬ್ಬ ಸತ್ತಾಗ ಮಣ್ಣಿಗೆ ಹೋದವರು ಪಾದ್ರಿ ಮತ್ತು ಗುಂಡಿ ತೋಡಿದವನು ಮಾತ್ರ. ಅವನ ಮಗಳು ಶಾಲೆಯಲ್ಲಿ ಗ್ಲೆನಿಸಳ ತರಗತಿಯಲ್ಲೇ ಇದ್ದಳು. ಅವಳ ಪಕ್ಕ ಯಾರೂ ಕೂರುತ್ತಿರಲಿಲ್ಲ. ಗ್ಲೆನಿಸ್ ಕೂಡ ಕೂತಿರಲಿಲ್ಲ. ಯಾಕೆಂದು ಯಾರೂ ಮಕ್ಕಳಿಗೆ ಹೇಳಿಕೊಟ್ಟಿರಲಿಲ್ಲ, ಹೇಳಿಕೊಡುವ ಅಗತ್ಯವಿರಲಿಲ್ಲ.

ಮಧ್ಯಾಹ್ನ ಕಳೆಯಿತು. ಬಿಸಿಪೆಟ್ಟಿಗೆಯ ಗಾಜಿನ ಹಿಂದೆ ಪೈಗಳು ಸಾಲಾಗಿ ಕೂತಿದ್ದವು. ಬ್ಯಾಂಕಿನ ಹೆಂಗಸರು ಬರಲಿಲ್ಲ. ಟಪಾಲಿನವನು ಕಾಗದಗಳನ್ನು ಬಾಗಿಲ ಸಂದಿಯಿಂದ ತಳ್ಳಿ ಹೋದ. ಸುದ್ದಿ ಆಗಲೇ ಬೀದಿಯ ಆ ತುದಿ ಮುಟ್ಟಿತ್ತು. ಗ್ಲೆನಿಸ್ ಒಳಗೆ ಹೋಗಿ ಮರುದಿನದ ಹಿಟ್ಟು ಲಟ್ಟಿಸತೊಡಗಿದಳು. ತಗಡಿನ ಬಟ್ಟಲುಗಳಿಗೆ ಹಿಟ್ಟಿನ ಹಾಳೆ ಹಾಸಿ, ಮಾಂಸ ತುಂಬಿ, ಮೇಲೆ ಇನ್ನೊಂದು ಹಾಳೆ ಮುಚ್ಚಿ, ಅಂಚನ್ನು ಹೆಬ್ಬೆರಳಲ್ಲಿ ಒತ್ತುತ್ತ ಹೋದಳು. ಒತ್ತು ಎಂದಿಗಿಂತ ಬಿಗಿಯಾಗಿತ್ತು.

ಬೆರಿಲ್ ಪಕ್ಕಕ್ಕೆ ಬಂದು ನಿಂತು ಒಲೆಯ ಬಾಗಿಲು ತೆರೆದು ನೋಡಿದಳು, ಮುಚ್ಚಿದಳು.

"ಹಿಂದಿನ ಬಾಗಿಲಿಂದ ಬೇಗ ಮನೆಗೆ ಹೋಗ್ತೀಯೇನೇ?"

"ಮನೆಗೆ ಹೋಗಿ ಏನು ಮಾಡ್ಲಿ? ಗೋಡೆ ಜೊತೆ ಜಗಳ ಆಡ್ಲಾ?"

"ಅದೂ ಸರಿ." ಬೆರಿಲ್ ಒಲೆಗೇ ಹೇಳುವವಳಂತೆ ಹೇಳಿದಳು, "ಸ್ವಲ್ಪ ದಿನ ನೀನು ಬರಬೇಡ ಅಂದ್ರೆ ನನ್ನ ಬಗ್ಗೆ ಏನು ಅಂದ್ಕೋತೀಯೋ. ಎಲ್ಲ ತಣ್ಣಗಾಗೋ ತನಕ ಅಷ್ಟೆ."

ಮಗಳು ಶಾಲೆ ಸೇರಿದ ವರ್ಷದಿಂದ ಗ್ಲೆನಿಸ್ ಈ ಒಲೆಯ ಮುಂದೆ ನಿಂತವಳು. ಆ ಮಗಳಿಗೆ ಈಗ ಮದುವೆಯಾಗಿತ್ತು. "ಈ ಊರಲ್ಲಿ ಇದು ಯಾವತ್ತು ತಣ್ಣಗಾಗಿದೆ, ಬೆರಿಲ್?" ಎಂದಳು.

ಅಷ್ಟರಲ್ಲಿ ದೂರದಲ್ಲಿ ಕೂಗಾಟ ಕೇಳಿಸಿತು.

ಪಾಳಿ ಮುಗಿದು ಬಸ್ಸು ಬರುತ್ತಿತ್ತು. ಹಿಂದೆ ಮುಷ್ಕರದವರ ಗಾಡಿಗಳು ಹಾರ್ನ್ ಬಾರಿಸುತ್ತ ಬೆನ್ನಟ್ಟಿದ್ದವು. ಎಂದೂ ಈ ಬೀದಿಯಲ್ಲಿ ನಿಲ್ಲದ ಬಸ್ಸು ಇವತ್ತು ಅಂಗಡಿಯೆದುರು ನಿಂತಿತು. ಕ್ಲಿಫ್ ಇಳಿದ. ಬಸ್ಸು ಬಾಗಿಲು ಮುಚ್ಚುವ ಮೊದಲೇ ಹೊರಟುಬಿಟ್ಟಿತು.

ಗಾಡಿಗಳಿಂದ ಇಳಿದವರು ಅವನ ಸುತ್ತ ನೆರೆದರು. "ಯಾರೂ ಕೈ ಮಾಡಬೇಡಿ," ಎನ್ನುತ್ತಿದ್ದ ಮರ್ವ್‌ನ ದನಿ ಒಳಗೂ ಕೇಳಿತು. "ಪೊಲೀಸರು ಅದಕ್ಕೇ ಕಾಯ್ತಿದಾರೆ. ಕೈ ಮಾಡಬೇಡಿ." ಕ್ಲಿಫ್ ಅವರ ನಡುವಿನಿಂದಲೇ ನಡೆದು ಬಂದು ಬಾಗಿಲು ತಳ್ಳಿದ. ಅವನ ಹೆಗಲ ಮೇಲೆ ಯಾರದೋ ಉಗುಳು ಹೊಳೆಯುತ್ತಿತ್ತು.

ಗ್ಲೆನಿಸ್ ಕೌಂಟರಿನ ಹಿಂದೆ ಬಂದು ನಿಂತಳು.

"ನಾನೇ ಹೇಳ್ಬೇಕು ಅಂತ ಇಲ್ಲಿ ಇಳಿದೆ," ಎಂದ ಕ್ಲಿಫ್.

"ಹೇಳೋರೆಲ್ಲ ಹೇಳಿ ಆಯ್ತು."

"ಊರಾಚೆ ಇಳಿಸ್ತೀನಿ ಅಂದ ಡ್ರೈವರು. ಬೇಡ ಅಂದೆ."

"ಬೆಳಿಗ್ಗೆ ಈ ಧೈರ್ಯ ಎಲ್ಲಿ ಹೋಗಿತ್ತು? ನನ್ನ ಕೈಲೇ ಟೀ ತುಂಬಿಸ್ಕೊಂಡ್ಯಲ್ಲ."

"ಹೇಳಿದ್ರೆ ನೀನು ಬಿಡ್ತಿರಲಿಲ್ಲ."

"ಬಾಗಿಲಿಗೆ ಅಡ್ಡ ಮಲಗ್ತಿದ್ದೆ."

"ಅದಕ್ಕೇ ಹೇಳಲಿಲ್ಲ." ಅವನು ಕೌಂಟರಿಗೆ ಕೈಯೂರಿದ. "ಇದು ಮುಗಿದಿದೆ, ಗ್ಲೆನ್. ನಾವು ಸೋತಾಗಿದೆ. ಮರ್ವ್‌ಗೂ ಗೊತ್ತು, ಎಲ್ಲರಿಗೂ ಗೊತ್ತು. ಮೊದಲು ಬಾಯಿ ಬಿಡೋಕೆ ಯಾರಿಗೂ ಧೈರ್ಯ ಇಲ್ಲ ಅಷ್ಟೆ. ಮನೇಲಿ ಕೂತು ಕೂತು ನನಗೆ... ನಿನ್ನೆ ಹಿತ್ತಲ ಬೇಲಿಗೆ ಬಣ್ಣ ಹೊಡೀತಿದ್ನಲ್ಲ. ಹಿಂದಿನ ದಿನ ಹೊಡೆದಿದ್ದೇ ಇನ್ನೂ ಒಣಗಿರಲಿಲ್ಲ. ಅದರ ಮೇಲೇ ಹೊಡೀತಿದ್ದೆ. ಯಾಕೆ ಹೊಡೀತಿದೀನಿ ಅಂತ ನನಗೇ ಗೊತ್ತಿರಲಿಲ್ಲ."

ಅವಳು ಅಡುಗೆಮನೆಯ ಕಿಟಕಿಯಿಂದ ಅದನ್ನು ನೋಡಿದ್ದಳು. ಕರೆಯೋಣವೆಂದುಕೊಂಡು ಕರೆದಿರಲಿಲ್ಲ.

ಬಾಗಿಲು ತೆರೆಯಿತು. ಮರ್ವ್ ಒಳಗೆ ಒಂದು ಹೆಜ್ಜೆ ಇಟ್ಟು ಅಲ್ಲೇ ನಿಂತ. ಕ್ಲಿಫ್ ಹೇಳಿದ್ದು ಅವನ ಕಿವಿಗೂ ಬಿದ್ದಿತ್ತು. ಬಿಸಿಲಲ್ಲಿ ಸುಟ್ಟ ಅವನ ಮುಖ ಬಹಳ ದಣಿದಂತಿತ್ತು.

"ಸೋಲೋದಾದ್ರೆ ಒಟ್ಟಿಗೆ ಸೋಲ್ತಿದ್ವಿ, ಕ್ಲಿಫ್," ಎಂದ.

ಕ್ಲಿಫ್ ತಿರುಗಲಿಲ್ಲ. ಅವನ ಕಣ್ಣು ಬಿಸಿಪೆಟ್ಟಿಗೆಯ ಮೇಲಿತ್ತು. "ಒಂದು ಪೈ ಕೊಡು, ಗ್ಲೆನ್. ಬೆಳಿಗ್ಗೆಯಿಂದ ಏನೂ ತಿಂದಿಲ್ಲ. ಅಲ್ಲಿ ಅವರ ಜೊತೆ ಕೂತು ತಿನ್ನೋಕಾಗ್ಲಿಲ್ಲ."

"ಕೊಡಬೇಡ," ಎಂದ ಮರ್ವ್. ಅವನ ಮಾತಿನಲ್ಲಿ ಬೆದರಿಕೆ ಇರಲಿಲ್ಲ, ಬೇಡಿಕೆಯೇ ಇದ್ದಂತಿತ್ತು. "ಗ್ಲೆನಿಸ್, ನೀನು ನಿಮ್ಮಪ್ಪನ ಮಗಳು. ಇವತ್ತು ಇವನಿಗೆ ಇಲ್ಲ ಅನ್ನು. ನಾಳೆ ಮಧ್ಯಾಹ್ನ ನಾನೇ ಬಂದು ನಿನ್ನ ಕೈಯಿಂದ ತಟ್ಟೆ ತಗೊಂಡು ಹೋಗ್ತೀನಿ. ಒಬ್ಬನೂ ಒಂದು ಮಾತು ಆಡಲ್ಲ. ಅದಕ್ಕೆ ನಾನು ಹೊಣೆ."

ಗಾಜಿನ ಆಚೆ ಮುಖಗಳು ಒತ್ತಿ ನಿಂತಿದ್ದವು. ಡೂಲಿ ಎಲ್ಲರಿಗಿಂತ ಮುಂದಿದ್ದ. ಒಲೆಕೋಣೆಯ ಬಾಗಿಲಲ್ಲಿ ಬೆರಿಲ್ ಬಟ್ಟೆಯನ್ನು ಎದೆಗೊತ್ತಿ ಹಿಡಿದಿದ್ದಳು. ಅವಳ ಕಣ್ಣುಗಳು ಏನು ಕೇಳುತ್ತಿದ್ದವೆಂದು ಗ್ಲೆನಿಸ್‌ಗೆ ನೋಡದೆಯೇ ಗೊತ್ತಿತ್ತು.

ಅವಳು ಗಂಡನ ಮುಖ ನೋಡಿದಳು. ಅವನ ಗದ್ದದ ಕೆಳಗೆ ಬೆಳಿಗ್ಗೆಯ ಕ್ಷೌರದಲ್ಲಿ ಬಿಟ್ಟುಹೋದ ಕೂದಲಿನ ಗೆರೆಯೊಂದಿತ್ತು. ತಾನು ಎದ್ದು ಟೀ ಕಾಯಿಸುವ ಮೊದಲೇ, ದೀಪ ಹಾಕದೆ ಕತ್ತಲಲ್ಲಿ ಕ್ಷೌರ ಮಾಡಿಕೊಂಡಿದ್ದಾನೆ. ಅವನ ಕೆನ್ನೆಗೆ ಬಾರಿಸಬೇಕೆನಿಸಿತು.

"ಇಲ್ಲ," ಎಂದಳು. "ಈ ಅಂಗಡೀಲಿ ನಿನಗೆ ಪೈ ಇಲ್ಲ, ಕ್ಲಿಫ್."

ಹೊರಗೆ ಗುಸುಗುಸು ಹರಿದಾಡಿತು. ಮರ್ವ್ ತಲೆ ತಗ್ಗಿಸಿದ. ಕ್ಲಿಫ್ ತನಗೆ ಬರಬೇಕಾದ್ದೇ ಬಂತೆಂಬಂತೆ ಮೆಲ್ಲಗೆ ತಲೆಯಾಡಿಸಿ, ಚೂರಿಗಳ ಚೀಲವನ್ನು ಹೆಗಲಿಗೇರಿಸಿ, ಬಾಗಿಲ ಕಡೆ ತಿರುಗಿದ.

ಗ್ಲೆನಿಸ್ ಏಪ್ರನ್ ಬಿಚ್ಚಿದಳು. ಅದನ್ನು ನಾಲ್ಕು ಮಡಿಕೆ ಮಾಡಿ ಕೌಂಟರಿನ ಮೇಲಿಟ್ಟಳು.

"ಬೇಡ ಕಣೇ," ಎಂದಳು ಬೆರಿಲ್. "ಅವರು ಕೇಳಿದ್ದು ಆಯ್ತಲ್ಲ."

"ಕೊನೇ ತಟ್ಟೆ ಒಲೇಲಿದೆ, ನೋಡ್ಕೋ. ಅಂಚು ಸೀದುಹೋದೀತು." ಅವಳು ಕೌಂಟರಿನ ಹಲಗೆ ಎತ್ತಿ ಈಚೆ ಬಂದಳು. ಬಾಗಿಲಲ್ಲಿ ಮರ್ವ್ ಅಡ್ಡವಿದ್ದ.

"ಗ್ಲೆನಿಸ್, ಯೋಚನೆ ಮಾಡು. ಇವನ ಜೊತೆ ನೀನು ಈ ಬಾಗಿಲು ದಾಟಿದ್ರೆ, ಆಮೇಲೆ ನನ್ನ ಕೈಲಿ ಏನೂ ಇರಲ್ಲ."

"ಪೈ ಕೊಡಬೇಡ ಅಂದೆ, ಕೊಡಲಿಲ್ಲ. ಕೊಡೋಕೆ ನನಗೂ ಮನಸ್ಸಿರಲಿಲ್ಲ. ನಿನಗೆ ಕೊಡೋ ಲೆಕ್ಕ ಅಲ್ಲಿಗೆ ಮುಗೀತು. ಮನೆಗೆ ಹೋಗೋದು ನನ್ನ ಪಾಡು. ಪಕ್ಕಕ್ಕೆ ಸರಿ."

ಮರ್ವ್ ಸರಿದ.

ಅವಳು ಕ್ಲಿಫ್‌ನ ಮುಂದೆ ಹೊರಗೆ ನಡೆದಳು. ಯಾರೂ ಕೂಗಲಿಲ್ಲ. ಡೂಲಿ ಅವಳನ್ನು ನೋಡಿದ. ಅವನ ತೇವದ ಕಣ್ಣಲ್ಲಿ ಒಂದು ಕ್ಷಣ ಅಪ್ಪನೇ ನೋಡಿದಂತಾಯಿತು. ಆಮೇಲೆ ಅವನು ನಿಧಾನವಾಗಿ, ಮೊಣಕಾಲು ನೋಯುವವನಂತೆ, ಅವಳಿಗೆ ಬೆನ್ನು ತಿರುಗಿಸಿ ನಿಂತ. ಅವನ ಪಕ್ಕದವನೂ ತಿರುಗಿದ. ಅವನ ಪಕ್ಕದವನೂ. ಬೀದಿಯುದ್ದಕ್ಕೂ ಅಂಗಿಗಳ ಬೆನ್ನುಗಳು, ಬೆವರಿನ ಕಲೆಗಳು. ಗ್ಲೆನಿಸ್ ಆ ಬೆನ್ನುಗಳ ನಡುವೆ ನಡೆದಳು. ಯಾವ ಬೆನ್ನು ಯಾರದೆಂದು ಅವಳಿಗೆ ಗೊತ್ತಿತ್ತು.

ತಿರುವು ದಾಟಿದ ಮೇಲೆ ಕ್ಲಿಫ್ ಹತ್ತಿರ ಬರಲು ನೋಡಿದ.

"ಗ್ಲೆನ್..."

"ಮಾತಾಡಬೇಡ. ನಾಳೆ ಮತ್ತೆ ಹೋಗ್ತೀಯಾ?"

ಅವನು ಚೀಲವನ್ನು ಇನ್ನೊಂದು ಹೆಗಲಿಗೆ ಬದಲಿಸಿದ. "ಗೊತ್ತಿಲ್ಲ," ಎಂದ.

"ಗೊತ್ತಾದಾಗ ಮೊದಲು ನನಗೆ ಹೇಳು. ನನ್ನ ಮುಖ ನೋಡಿ ಹೇಳು."

ಅವರ ಬೀದಿಯಲ್ಲಿ ಮಕ್ಕಳು ಕ್ರಿಕೆಟ್ ಆಡುತ್ತಿದ್ದರು. ರಸ್ತೆಯ ಮಧ್ಯದ ಕಸದ ಡಬ್ಬಿಯೇ ವಿಕೆಟ್ಟು. ಇವರಿಬ್ಬರು ಕಾಣಿಸಿಕೊಂಡಾಗ ಯಾರೋ ಹೊಡೆದ ಚೆಂಡು ಉರುಳುತ್ತ ಬಂದು ಕ್ಲಿಫ್‌ನ ಬೂಟಿಗೆ ತಾಗಿ ನಿಂತಿತು. ಅವನು ಎಂದಿನ ಹಾಗೆ ಬಗ್ಗಿ ಎತ್ತಿಕೊಂಡ. ಎಸೆಯಲು ಕೈಯೆತ್ತುವಷ್ಟರಲ್ಲಿ ಒಂದು ಮನೆಯ ಜಗಲಿಯಿಂದ ಹೆಂಗಸೊಬ್ಬಳು ಮಕ್ಕಳ ಹೆಸರು ಹಿಡಿದು ಕರೆದಳು. ಇನ್ನೊಂದು ಮನೆಯಿಂದಲೂ ಕರೆ ಬಂತು. ಮಕ್ಕಳು ಬ್ಯಾಟು ಎಳೆದುಕೊಂಡು ಒಬ್ಬೊಬ್ಬರಾಗಿ ಒಳಗೆ ಹೋದರು. ಜಾಲರಿಯ ಬಾಗಿಲುಗಳು ಒಂದರ ಹಿಂದೊಂದು ಬಡಿದುಕೊಂಡವು.

ಖಾಲಿ ರಸ್ತೆಯಲ್ಲಿ ಚೆಂಡು ಹಿಡಿದು ಕ್ಲಿಫ್ ನಿಂತೇ ಇದ್ದ. ಗ್ಲೆನಿಸ್ ಹಿಂದಿರುಗಿ ಬಂದು ಅವನ ಕೈಯಿಂದ ಅದನ್ನು ತೆಗೆದುಕೊಂಡಳು. ಕಸದ ಡಬ್ಬಿಯ ಮುಚ್ಚಳದ ಮೇಲೆ ಇಟ್ಟಳು. ಅದು ಉರುಳತೊಡಗಿತು. ಅಂಗೈಯಿಂದ ತಡೆದು, ಮುಚ್ಚಳದ ನಡುವಿನ ತಗ್ಗಿನಲ್ಲಿ ಕೂರಿಸಿ, ಅದು ಅಲುಗದೆ ನಿಲ್ಲುವ ತನಕ ಬೆರಳನ್ನು ಅದರ ಮೇಲೇ ಇಟ್ಟುಕೊಂಡಿದ್ದಳು.